ಯರ್ರಿಸ್ವಾಮಿ ಮಗಳು ನಮ್ಮ ಮನೆಯಲ್ಲಿದ್ದ ವರ್ಷ

ಹೋದ ತಿಂಗಳು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಯುವಕ ಕೂತಿದ್ದ. ಸೈನ್ಯದ ಭರ್ತಿಗೆಂದು ಓಟದ ತಯಾರಿ ನಡೆಸಿದವನಿರಬೇಕು. ಮೀನಖಂಡಕ್ಕೆ ಹಚ್ಚಿಕೊಂಡಿದ್ದ ನೋವಿನ ಮುಲಾಮು ಇಡೀ ಬಸ್ಸಿಗೆ ಹಬ್ಬಿತ್ತು. ಮುಂದಿನ ಸೀಟಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜು ಸರಿಸಿ ಮುಚ್ಚಿದೆ, ಆ ವಾಸನೆ ಇನ್ನಷ್ಟು ಹೊತ್ತು ಇರಲಿ ಎಂದು. ಅದು ನಮ್ಮಪ್ಪನ ಮೊಣಕಾಲಿನ ವಾಸನೆ. ಅದರ ಬೆನ್ನಿಗೇ ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷವೂ ನೆನಪಾಯಿತು. ತಂದೆಯಿಲ್ಲದ ಒಂದು ಹುಡುಗಿಯನ್ನು ನೋಡಿ, ಮನೆತುಂಬ ತಂದೆಯಿದ್ದ ನಾನು ಹೊಟ್ಟೆ ಉರಿದುಕೊಂಡ ವರ್ಷ ಅದು.

ಕುರುಗೋಡಿನಲ್ಲಿ ನಮ್ಮದು 'ಮಿಲ್ಟ್ರಿ ವೀರೇಶಪ್ಪನ ಮನಿ'. ಅಪ್ಪ ಸೈನ್ಯದಿಂದ ನಿವೃತ್ತನಾಗಿ ಬಂದು ಬಳ್ಳಾರಿಯ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದ. ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ. ಬಂದವನೇ ಮೊಣಕಾಲಿಗೆ ಮುಲಾಮು ತಿಕ್ಕಿಕೊಂಡು, ಉಂಡು, ಮಲಗಿಬಿಡುತ್ತಿದ್ದ. ಮುಲಾಮಿನ ಡಬ್ಬಿ ತಂದುಕೊಡುವುದು ನನ್ನ ಕೆಲಸ. ಆ ಹೊತ್ತಿನಲ್ಲಿ ಕಾರ್ಗಿಲ್‌ನಲ್ಲಿ ಏನಾಯಿತು ಎಂದು ಚಿಕ್ಕಂದಿನಿಂದಲೂ ಕೇಳುತ್ತಿದ್ದೆ. "ಥಂಡಿ ಇತ್ತವ," ಅನ್ನುತ್ತಿದ್ದ. ಮತ್ತೆ ಕೇಳಿದರೆ, "ಬಾಳ ಥಂಡಿ ಇತ್ತು." ಅಲ್ಲಿಗೆ ಮುಗಿಯಿತು.

ಭಾನುವಾರದ ಅಪ್ಪ ಮಾತ್ರ ಬೇರೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಹೊರಬೆಂಚಿನ ಮೇಲೆ ಮೂವರು ಸೇರುತ್ತಿದ್ದರು. ಒಬ್ಬ ಬರ್ಮಾ ತಾತ. ಬ್ರಿಟಿಷರ ಕಾಲದಲ್ಲಿ, ಬಳ್ಳಾರಿ ಇನ್ನೂ ಮದರಾಸಿನ ಕಡೆಗಿದ್ದಾಗ, ದಂಡಿಗೆ ಸೇರಿ ಬರ್ಮಾದ ಕಾಡಿನಲ್ಲಿ ಹೇಸರಗತ್ತೆಗಳ ಮೇಲೆ ಮದ್ದುಗುಂಡು ಸಾಗಿಸಿದವನು. ತೊಂಬತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಇನ್ನೊಬ್ಬರು ಖಾದರ್ ಸಾಬ್, ಎಪ್ಪತ್ತೊಂದರ ಯುದ್ಧದಲ್ಲಿ ಢಾಕಾದ ದಾರಿಯಲ್ಲಿ ಲಾರಿ ಓಡಿಸಿದವರು. ಮೂರನೆಯವನು ನಮ್ಮಪ್ಪ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ ಅವರು ಒಬ್ಬರ ಯುದ್ಧವನ್ನು ಇನ್ನೊಬ್ಬರು ಗೇಲಿ ಮಾಡುತ್ತಿದ್ದರು.

"ವೀರೇಶಾ, ನಿನ್ನ ಜಂಗ್ ಟೀವ್ಯಾಗ ಬಂತು," ಅನ್ನುತ್ತಿದ್ದರು ಖಾದರ್ ಸಾಬ್. "ಊರಿಗೆ ಊರೇ ನಿಂತು ನೋಡ್ತು. ನಮ್ದು ಬರೀ ರೇಡಿಯೋದಾಗ. ಅದೂ ಅವತ್ತು ನಮ್ಮನಿ ರೇಡಿಯೋದಾಗ ಸೆಲ್ ಇದ್ದಿಲ್ಲ."

"ನಿಮ್ದು ರೇಡಿಯೋದಾಗರೆ ಬಂತಲ್ಲಪ್ಪ," ಅನ್ನುತ್ತಿದ್ದ ತಾತ. "ನಾ ಹೋಗಿದ್ದ ನಮ್ಮವ್ವಗ ಗೊತ್ತಿದ್ದಿಲ್ಲ. ಹೊಸಪೇಟಿಗೆ ಹೋಗ್ಯಾನ ಅಂತ ತಿಳ್ಕೊಂಡಿದ್ಲು."

ಅಪ್ಪ ನಗುತ್ತಿದ್ದ. ಹಲ್ಲು ಕಾಣುವ ಆ ನಗು ಮನೆಗೆ ಬರುವಷ್ಟರಲ್ಲಿ ಎಲ್ಲಿಗೆ ಹೋಗುತ್ತದೋ ನನಗೆ ತಿಳಿಯುತ್ತಿರಲಿಲ್ಲ. ಅವ್ವ ಕರೆಯಲು ಕಳಿಸಿದಾಗ ನಾನು ರಸ್ತೆಯ ಈಚೆಯೇ ನಿಂತು ನೋಡುತ್ತಿದ್ದೆ. ಆ ಇಬ್ಬರ ಮೇಲೆ ಆಗಲೇ ನನಗೆ ಸಣ್ಣ ಹೊಟ್ಟೆಕಿಚ್ಚಿತ್ತು. ಆದರೆ ಅದು ಏನೇನೂ ಅಲ್ಲ ಎಂದು ಗಂಗಾ ಬಂದಮೇಲೆ ತಿಳಿಯಿತು.

ಗಂಗಾ ಸಿರುಗುಪ್ಪ ತಾಲ್ಲೂಕಿನ ಕರೂರಿನವಳು. ಅವಳ ತಂದೆ ಯರ್ರಿಸ್ವಾಮಿ ಮತ್ತು ನಮ್ಮಪ್ಪ ಒಂದೇ ದಿನ ಸೈನ್ಯಕ್ಕೆ ಭರ್ತಿಯಾಗಿ, ಒಂದೇ ರೈಲಿಗೆ ಹೋದವರು. ಕಾರ್ಗಿಲ್‌ನಿಂದ ಅಪ್ಪ ತಿರುಗಿ ಬಂದ. ಯರ್ರಿಸ್ವಾಮಿಯನ್ನು ಪೆಟ್ಟಿಗೆಯಲ್ಲಿ ತಂದರು. ಗಂಗಾ ಆಗ ಅವರವ್ವ ಈರಮ್ಮನ ಹೊಟ್ಟೆಯಲ್ಲಿದ್ದಳು. ನಾನು ಅದೇ ವರ್ಷ ಹುಟ್ಟಿದವಳು. ಅಪ್ಪ ರಜೆಗೆ ಬಂದಾಗಲೆಲ್ಲ ಕರೂರಿಗೆ ಹೋಗುತ್ತಿದ್ದ, ನಿವೃತ್ತನಾದ ಮೇಲೂ ಬಿಡಲಿಲ್ಲ. ನಾಟಿಯ ಕಾಲದಲ್ಲಿ ಅವರ ಗದ್ದೆಗೆ ಆಳು ಹೊಂದಿಸಿಕೊಟ್ಟು ಬರುತ್ತಿದ್ದ. ಬಂದಾಗ ಪ್ಯಾಂಟಿನ ತುದಿಗೆ ಒಣಗಿದ ಕೆಸರು ಇರುತ್ತಿತ್ತು. ನಮ್ಮ ಹೊಲದ್ದು ಕರಿಮಣ್ಣು. ಆ ಮಣ್ಣಿನ ಬಣ್ಣವೇ ಬೇರೆಯಾಗಿತ್ತು.

ಆ ವರ್ಷ ಕರೂರಿನ ಶಾಲೆಯಲ್ಲಿ ಗಣಿತದ ಮಾಸ್ತರರಿರಲಿಲ್ಲ. ಜೂನ್ ತಿಂಗಳ ಬಿಸಿಗಾಳಿಯಲ್ಲಿ ಒಂದು ಮಧ್ಯಾಹ್ನ ಅಪ್ಪ ಗಂಗಾಳನ್ನು ಕರೆದುಕೊಂಡು ಬಂದ. ಅವಳ ಕರಿ ಟ್ರಂಕು ಅಪ್ಪನ ಹೆಗಲ ಮೇಲಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಯರ್ರಿಸ್ವಾಮಿಯ ಹೆಸರಿತ್ತು.

"ಹತ್ತನೇತಿ ಇಲ್ಲೇ ಓದ್ತಾಳ," ಅಂದ ಅವ್ವನಿಗೆ. ನನ್ನ ಕಡೆ ತಿರುಗಿ, "ಕಿಟಕಿ ಕಡಿಗೆ ಆಕಿ ಮಲಗ್ಲಿ. ಅವರೂರಾಗ ಗಾಳಿ ಛಲೋ ಇರ್ತೈತಿ. ಇಲ್ಲಿ ಆಕಿಗೆ ಧಗಿ ಆಗ್ತೈತಿ," ಅಂದ. ನನಗೆ ಧಗೆಯಾಗುತ್ತದೆಯೇ ಎಂದು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಗಂಗಾ ಕೆಟ್ಟವಳಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವಳು ಬೆಳಿಗ್ಗೆ ನನಗಿಂತ ಮೊದಲು ಎದ್ದು ಅಂಗಳ ಗುಡಿಸುತ್ತಿದ್ದಳು, ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದಳು, ತಟ್ಟೆಯಲ್ಲಿದ್ದದ್ದನ್ನು ಸುಮ್ಮನೆ ಉಣ್ಣುತ್ತಿದ್ದಳು. ಬಂದು ಒಂದು ವಾರವಾಗಿರಬೇಕು. ಸಂಜೆ ಅಪ್ಪ ಬಂದು ಕಟ್ಟೆಯ ಮೇಲೆ ಕೂತ. ನಾನು ಒಳಗಿನಿಂದ ಮುಲಾಮಿನ ಡಬ್ಬಿ ಹಿಡಿದು ಬರುವಷ್ಟರಲ್ಲಿ ಅವಳು ಅದಾಗಲೇ ಇನ್ನೊಂದು ಹೊಸ ಡಬ್ಬಿಯ ಮುಚ್ಚಳ ತೆಗೆದು ಕೊಡುತ್ತಿದ್ದಳು. ನಾನು ನನ್ನ ಡಬ್ಬಿಯನ್ನು ಗೂಡಿನಲ್ಲಿಟ್ಟು ಬಂದೆ.

ಅಂದಿನಿಂದ ಕತೆಗಳು ಶುರುವಾದವು. ಓದಿನ ನಡುವೆ ಅವಳು, "ಕಾಕಾ, ನಮ್ಮಪ್ಪ ಹೆಂಗಿದ್ದ?" ಅನ್ನುತ್ತಿದ್ದಳು. ಅಪ್ಪ ಹೇಳುತ್ತಿದ್ದ. ನಾನು ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದೆ. ಹಿಮದಲ್ಲಿ ಯರ್ರಿಸ್ವಾಮಿ ಅನ್ನ ಬೇಯಿಸಿದ ರೀತಿ, ಪಂಜಾಬಿನ ಸುಬೇದಾರನಿಗೆ ಕನ್ನಡದಲ್ಲಿ ಬೈದು ಅದು ಹೊಗಳಿಕೆ ಎಂದು ನಂಬಿಸಿದ್ದು, ನದಿಯಲ್ಲಿ ಕೊಚ್ಚಿಹೋಗುತ್ತಿದ್ದ ಕುರಿಯನ್ನು ಈಜಿ ತಂದದ್ದು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಹಾಡು. ಸಂಜೆಯಾದರೆ ಬಂಕರಿನಲ್ಲಿ ಯರ್ರಿಸ್ವಾಮಿ ಹಾಡುತ್ತಿದ್ದನಂತೆ, ಭಾಷೆ ತಿಳಿಯದವರೂ ತಲೆದೂಗುತ್ತಿದ್ದರಂತೆ. ಅಪ್ಪ ಆ ಹಾಡನ್ನು ಅವಳಿಗೆ ಸಾಲು ಸಾಲಾಗಿ ಹೇಳಿಕೊಟ್ಟ, ಹಾಡದೆ, ಬರೀ ಮಾತಿನಲ್ಲಿ. ತಾಳವನ್ನು ಬೆರಳಿನಿಂದ ಟ್ರಂಕಿನ ಮೇಲೆ ಬಡಿದು ತೋರಿಸುತ್ತಿದ್ದ. 'ಹಗರಿ ದಾಟ್ಯಾವೋ ನಮ್ಮ ಜೋಡೆತ್ತು' ಎಂದು ಶುರುವಾಗುವ ಹಾಡು. ಹಗರಿ ಹೊಳೆ ತುಂಬಿದಾಗ ಎತ್ತುಗಳು ಒಡೆಯನನ್ನು ಬಿಟ್ಟು ದಡ ಸೇರಿ, ತಿರುಗಿ ನೋಡುತ್ತ ನಿಲ್ಲುವ ಕತೆ.

ನನಗೆ 'ಥಂಡಿ ಇತ್ತು' ಎಂಬ ಎರಡು ಶಬ್ದ, ಅವಳಿಗೆ ಇಡೀ ಹಿಮಾಲಯ. ಒಂದು ದಿನ ತಡೆಯಲಾರದೆ ಅವ್ವನಿಗೆ ಹೇಳಿದೆ. ಅವ್ವ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

"ನಿನಗ ಅಪ್ಪ ಅದಾನ, ಆಕಿಗೆ ಕತಿ ಅದಾವ. ಬದ್ಲಿ ಮಾಡ್ಕೊಂತಿಯೇನು?"

ಆ ಗಳಿಗೆಯಲ್ಲಿ ಬೇಡ ಎಂದು ಹೇಳಲು ಬಾಯಿ ಬರಲಿಲ್ಲ.

ಆಗಸ್ಟ್ ಹದಿನೈದಕ್ಕೆ ಶಾಲೆಯ ಮೈದಾನದಲ್ಲಿ ಊರವರೆಲ್ಲ ಸೇರಿದ್ದರು. ಹೆಡ್‌ಮಾಸ್ತರರು ಧ್ವಜದ ಹಗ್ಗವನ್ನು ತಾವು ಎಳೆಯದೆ ಗಂಗಾಳನ್ನು ಕರೆದರು. ಹುತಾತ್ಮನ ಮಗಳು ಎಂದು ಮೈಕಿನಲ್ಲಿ ಹೇಳಿದಾಗ ಜನ ಎದ್ದು ನಿಂತರು. ಅವಳಿಗೆ ಶಾಲು ಹೊದಿಸಿದರು. ವೇದಿಕೆಯ ಮೇಲೆ ಪದಕ ಧರಿಸಿ ನಿಂತಿದ್ದ ಅಪ್ಪ ಧ್ವಜಕ್ಕೆ ಸೆಲ್ಯೂಟ್ ಮಾಡಿದ. ಆಮೇಲೆ ಪಕ್ಕಕ್ಕೆ ತಿರುಗಿ, ಕಾಲು ಜೋಡಿಸಿ, ಗಂಗಾಳಿಗೂ ಒಂದು ಸೆಲ್ಯೂಟ್ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಕೆಲವು ಹೆಂಗಸರು ಅತ್ತರು. ನಾನು ಹುಡುಗಿಯರ ಸಾಲಿನಲ್ಲಿ ನಿಂತಿದ್ದೆ. ನಮ್ಮಪ್ಪ ಬದುಕಿ ಬಂದದ್ದಕ್ಕೆ ನನಗೆ ಏನೂ ಸಿಗಲಿಲ್ಲ ಅನ್ನಿಸಿತು. ಅನ್ನಿಸಿದ ಕೂಡಲೇ ನಾಚಿಕೆಯಾಯಿತು, ಆದರೂ ಉರಿ ಆರಲಿಲ್ಲ.

ಸಾಲು ಚದುರಿದ ಮೇಲೆ ಹಿಂದಿನ ಬೇವಿನ ಮರದ ಕೆಳಗೆ ಬರ್ಮಾ ತಾತ ಒಬ್ಬನೇ ಕೂತದ್ದು ಕಂಡಿತು. ಖಾದರ್ ಸಾಬರನ್ನೂ ನಮ್ಮಪ್ಪನನ್ನೂ ವೇದಿಕೆಗೆ ಕರೆದಿದ್ದರು, ತಾತನನ್ನು ಕರೆದಿರಲಿಲ್ಲ. ಬ್ರಿಟಿಷರ ದಂಡಿನಲ್ಲಿದ್ದವನನ್ನು ಸ್ವಾತಂತ್ರ್ಯ ದಿನ ಎಲ್ಲಿ ಕೂರಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲವೇನೋ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಬಾ ಪಾಪಾ, ಕುಂದ್ರು," ಅಂದ. "ಮುಖ ಯಾಕ ಹಿಂಗ?"

"ಏನಿಲ್ಲ ತಾತ."

"ನನಗೂ ಹಂಗ ಐತಿ." ವೇದಿಕೆಯ ಕಡೆ ಕೈ ತೋರಿಸಿದ. "ತೊಂಬತ್ತು ದಾಟೇನಿ. ಹಲ್ಲು ಹೋದವು, ಕಿವಿ ಹೋತು. ಹೊಟ್ಟಿಕಿಚ್ಚು ಮಾತ್ರ ಇನ್ನ ಹರೇದಾಗ ಐತಿ ನೋಡು."

ನನಗೆ ನಗು ಬಂತು. ಶಾಲೆಯವರು ಹಂಚಿದ ಲಾಡುವನ್ನು ಅವನಿಗೆ ಪುಡಿ ಮಾಡಿಕೊಟ್ಟೆ. ಇಬ್ಬರೂ ವೇದಿಕೆಯ ಕಡೆ ನೋಡುತ್ತ ತಿಂದೆವು. ಆ ವರ್ಷದಲ್ಲಿ ನನ್ನ ಪಕ್ಷದಲ್ಲಿದ್ದವನು ಅವನೊಬ್ಬನೇ.

ಮಳೆ ಆ ಸಲ ಕುರುಗೋಡಿಗೆ ಬಂದೂ ಬಾರದಂತೆ ಹೋಯಿತು. ಕಾಲುವೆಯ ನೀರಿನಿಂದ ಕರೂರಿನ ಭತ್ತ ಮಾತ್ರ ಚೆನ್ನಾಗಿ ಬಂತು. ಸಂಕ್ರಾಂತಿಗೆ ಈರಮ್ಮ ಹೊಸ ಅಕ್ಕಿಯ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ತೆಳ್ಳಗಿನ, ಮೆತ್ತಗೆ ಮಾತಾಡುವ ಹೆಂಗಸು. ಎಲ್ಲರೂ ಅಂಗಳದಲ್ಲಿ ಕೂತು ಸಜ್ಜೆರೊಟ್ಟಿ, ಎಣ್ಣೆಗಾಯಿ ಉಣ್ಣುತ್ತಿದ್ದೆವು. ಗಂಗಾ ಬಹಳ ಖುಷಿಯಲ್ಲಿದ್ದಳು.

"ಅವ್ವಾ, ನಿನಗೊಂದು ಕೇಳಿಸ್ತೀನಿ. ನಮ್ಮಪ್ಪನ ಹಾಡು," ಎಂದು ಕಣ್ಣು ಮುಚ್ಚಿಕೊಂಡು ಹಾಡಿದಳು. ಹಗರಿ ದಾಟಿದ ಎತ್ತುಗಳ ಹಾಡು.

ಈರಮ್ಮ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, "ಛಲೋ ಐತಿ ಮಗಾ," ಅಂದಳು. "ಆದ್ರ ನಿಮ್ಮಪ್ಪ ಹಾಡ್ತಿದ್ದಿಲ್ಲ. ನಾಕು ಮಂದಿ ಮುಂದ ಮಾತಾಡಾಕೂ ನಾಚ್ತಿದ್ದ. ಮದಿವ್ಯಾಗ ನನ್ನ ಹೆಸರು ಹೇಳು ಅಂದ್ರ ಎದ್ದು ಹೊರಗ ಹೋಗಿದ್ದ."

ಗಂಗಾ ಅಪ್ಪನ ಕಡೆ ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದ. ಅಷ್ಟರಲ್ಲಿ ಪಲ್ಯ ಬಡಿಸುತ್ತಿದ್ದ ನಮ್ಮವ್ವ, ತಡೆದುಕೊಳ್ಳಲಾರದೆ ಅಂದುಬಿಟ್ಟಳು: "ಅದು ನಮ್ಮ ಮಾವನವರು ಕಟ್ಟಿದ ಹಾಡವ. ಹಾಡ್ತಿದ್ದದ್ದು ಇವರು. ನಾ ಮದಿವಿ ಆಗಿ ಬಂದಾಗ ದಿನಾ ಹಾಡೋರು. ಲಡಾಯಿಂದ ಬಂದಮ್ಯಾಲೆ ಬಾಯಿ ತೆಗದಿಲ್ಲ."

ಅಪ್ಪ ಎದ್ದು, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಗಂಗಾಳ ಕಣ್ಣು ತುಂಬಿತ್ತು. ನನ್ನ ಕಣ್ಣೂ ಅಷ್ಟೇ, ಆದರೆ ಕಾರಣ ಬೇರೆ. ನಮ್ಮಪ್ಪ ಹಾಡುತ್ತಿದ್ದ ಎಂಬುದು ನನಗೆ ಆ ದಿನ, ಆ ಊಟದ ನಡುವೆ ಮೊದಲ ಸಲ ತಿಳಿದದ್ದು. ಅಪ್ಪನ ಅಪ್ಪ ಕಟ್ಟಿದ ಹಾಡು ಒಂದಿದೆ ಎಂಬುದೂ. ಅದನ್ನು ಅಪ್ಪ ನನಗೆ ಕೊಡದೆ, ಸತ್ತ ಗೆಳೆಯನ ಹೆಸರು ಹಚ್ಚಿ ಇವಳಿಗೆ ಕೊಟ್ಟಿದ್ದ. ಕುರಿಯನ್ನು ಈಜಿ ತಂದವನೂ ಅಪ್ಪನೇ, ಸುಬೇದಾರನಿಗೆ ಬೈದವನೂ ಅವನೇ ಇರಬೇಕು ಎಂದು ಲೆಕ್ಕ ಹಾಕುತ್ತ ಹೋದಂತೆ, ನಾನು ಕಿಟಕಿಯಾಚೆಯಿಂದ ಆಸೆಪಟ್ಟು ಕೇಳಿದ್ದೆಲ್ಲ ನನ್ನದೇ ಆಗಿತ್ತು ಅನ್ನಿಸಿತು.

ಗಂಗಾ ಅಪ್ಪನ ಜೊತೆ ಮಾತು ಬಿಟ್ಟಳು. ಸಂಜೆ ಕಟ್ಟೆಯ ಮೇಲೆ ಕೂರುವುದನ್ನೂ ಬಿಟ್ಟಳು. ಡಬ್ಬಿ ತಂದುಕೊಡುವ ಕೆಲಸ ನನಗೇ ತಿರುಗಿ ಬಂತು, ಆದರೆ ಅಪ್ಪ ನನ್ನ ಕಡೆ ನೋಡದೆ ಮುಲಾಮು ತಿಕ್ಕಿಕೊಂಡ. ಮುಂದಿನ ಭಾನುವಾರ ಅವಳು ಹೋಟೆಲಿನ ಕಡೆ ಹೊರಟಳು. ನಾನು ಬೆನ್ನಿಗೇ ಹೋದೆ. ಮೂವರೂ ಬೆಂಚಿನ ಮೇಲಿದ್ದರು. ಗಂಡಸರು ಕೂರುವ ಆ ಜಾಗಕ್ಕೆ ಹುಡುಗಿಯರು ಹೋಗುತ್ತಿರಲಿಲ್ಲ. ಗಂಗಾ ನೇರವಾಗಿ ಹೋಗಿ ನಿಂತಳು.

"ಕಾಕಾ, ಖರೇನ ಹೇಳ್ರಿ. ನಮ್ಮಪ್ಪ ಹೆಂಗಿದ್ದ?"

ಖಾದರ್ ಸಾಬ್ ಚಹಾದ ಲೋಟ ಕೆಳಗಿಟ್ಟರು. "ಹೇಳಿಬಿಡು ವೀರೇಶಾ. ದೊಡ್ಡಾಕಿ ಆಗ್ಯಾಳ."

"ಅಂವ ಮಾತಾಡ್ತಿದ್ದಿಲ್ಲವ," ಅಂದ ಅಪ್ಪ ಕಡೆಗೆ. "ಬಾಜೂಕ ಕುಂತಿದ್ರೂ ಗೊತ್ತಾಗ್ತಿದ್ದಿಲ್ಲ. ನನಗ ನೆನಪಿರೋದು ನಾಕು ಮಾತು. ನೀ ನೋಡಿದ್ರ ದಿನಾ ಕೇಳ್ತಿ. ನಾಕು ಮಾತು ಎಷ್ಟು ದಿನ ಹೇಳ್ಲಿ?"

"ಆ ನಾಕೇ ಹೇಳ್ರಿ."

ಅಪ್ಪ ಮೊಣಕಾಲು ತಿಕ್ಕಿಕೊಂಡ. "ಕಾಲು ಮಡಚಿ, ಕೂಸಿನಂಗ ಮಲಗ್ತಿದ್ದ. ಬಿಸಿ ಆಲೂಗಡ್ಡಿ ಸಿಪ್ಪಿ ತೆಗದು ಎಲ್ಲರಿಗೂ ಕೊಟ್ಟು, ಆಮ್ಯಾಲೆ ತಿಂತಿದ್ದ. ಹೆಣ್ಣು ಹುಟ್ಲಿ ಅಂತಿದ್ದ. ಎತ್ತರ ಅಂದ್ರ ಅಂಜಿಕಿ ಅವಗ. ಕರೂರಾಗ ಗುಡ್ಡ ಎಲ್ಲಿ ಅದಾವ, ಬರೀ ಬಯಲು. ಹತ್ತುವಾಗ ಹಿಂದಿನಿಂದ ನನ್ನ ಬೆಲ್ಟ್ ಹಿಡ್ಕೊಂತಿದ್ದ. ಯಾರಿಗೂ ಹೇಳಬ್ಯಾಡ ಅಂತಿದ್ದ. ಆ ದಿನ ನನ್ನ ನೀರು ತರಾಕ ಕೆಳಗ ಕಳಿಸಿದ್ರು. ಅಂವ ಒಬ್ಬನ ಹತ್ತಿದ."

ಬಸ್ಸೊಂದು ಬಂದು ನಿಂತು, ಜನ ಇಳಿದು, ಮತ್ತೆ ಹೊರಟಿತು. ಗಂಗಾ ಅಳಲಿಲ್ಲ. "ಅಂಜಿಕೊಂತಾನೂ ಹತ್ತಿದ್ನ?" ಎಂದು ಕೇಳಿದಳು.

"ಹತ್ತಿದ."

ಬರ್ಮಾ ತಾತ ಕಿವಿಗೆ ಕೈ ಹಚ್ಚಿಕೊಂಡು ಎಲ್ಲ ಕೇಳುತ್ತಿದ್ದ. "ನಾನೂ ಮಾಡೀನಿ ಈ ಕೆಲಸ," ಅಂದ. "ರೂಪನಗುಡಿಯವ ಒಬ್ಬ ಇದ್ದ ನಮ್ಮ ಜೋಡಿ. ಮಲೇರಿಯಾ ಆಗಿ ಸತ್ತ. ಅವರವ್ವಗ, ನಿನ್ನ ಮಗ ಗುಂಡಿಗೆ ಎದಿ ಕೊಟ್ಟ ಅಂತ ಹೇಳಿದೆ. ಆ ಮುದುಕಿ ಇರೋತನಕ ಊರ ಮುಂದ ತಲಿ ಎತ್ತಿ ಅಡ್ಡಾಡಿದ್ಲು. ಬ್ಯಾರೆ ಏನು ಕೊಡೋದಿತ್ತು ನನ್ನ ಹತ್ರ?"

ಖಾದರ್ ಸಾಬ್ ತಾವೂ ಯಾರಿಗೋ ಏನೋ ಕೊಟ್ಟವರಂತೆ ರಸ್ತೆ ನೋಡುತ್ತ ಕೂತರು.

ಮನೆಗೆ ಬರುವಾಗ ಗಂಗಾ ಮುಂದೆ ನಡೆದಳು. ನಾನು ಅಪ್ಪನ ಜೊತೆ ಹಿಂದುಳಿದೆ.

"ನನಗ್ಯಾಕ ಒಂದೂ ಹೇಳಲಿಲ್ಲ?" ಅಂದೆ.

"ನಿನಗ ನಾನಾ ಅದೀನಲ್ಲವ."

"ಅದಕ್ಕ ಕೇಳಾಕತ್ತಿದ್ದು."

ಅಪ್ಪ ನಿಂತ. ಅಂಥ ಪ್ರಶ್ನೆಯನ್ನು ಅವನು ಯೋಚಿಸಿಯೇ ಇರಲಿಲ್ಲ ಎಂಬುದು ಮುಖದಲ್ಲಿ ಕಂಡಿತು. ನನ್ನ ತಲೆಯ ಮೇಲೆ ಕೈಯಿಟ್ಟು, ಮತ್ತೆ ನಡೆದ. ಅವನ ಕೈಗೆ ಮುಲಾಮಿನ ಜೊತೆ ಮಿರ್ಚಿಯ ಎಣ್ಣೆಯ ವಾಸನೆಯೂ ಇತ್ತು.

ಪರೀಕ್ಷೆ ಬಂತು, ಬಿಸಿಲೂ ಬಂತು. ಗಂಗಾ ಗಣಿತದಲ್ಲಿ ನನಗಿಂತ ಬಹಳ ಹೆಚ್ಚು ಅಂಕ ತೆಗೆದಳು. ಅದಕ್ಕೂ ನಾನು ಒಂದು ವಾರ ಉರಿದುಕೊಂಡೆ. ಅವಳು ಟ್ರಂಕು ಹೊತ್ತು ಕರೂರಿಗೆ ಹೊರಟ ದಿನ, ಬಾಗಿಲಲ್ಲಿ ನನ್ನ ಕೈ ಹಿಡಿದು, "ಕಿಟಕಿ ಕಡಿಗೆ ಇನ್ನ ನೀನಾ ಮಲಗು," ಅಂದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು. ಆ ಬೇಸಿಗೆಯಲ್ಲೇ ಬರ್ಮಾ ತಾತ ತೀರಿಕೊಂಡ. ಮಣ್ಣಿಗೆ ಹೋದವರಲ್ಲಿ ಸೆಲ್ಯೂಟ್ ಮಾಡಿದವರು ಇಬ್ಬರೇ, ಅಪ್ಪ ಮತ್ತು ಖಾದರ್ ಸಾಬ್. ಆಮೇಲೆ ಖಾದರ್ ಸಾಬರೂ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಮಗಳ ಮನೆಗೆ ಹೋದರು. ಭಾನುವಾರ ಅಪ್ಪ ಒಬ್ಬನೇ ಆ ಬೆಂಚಿನ ಮೇಲೆ ಚಹಾ ಕುಡಿದು ಬರುತ್ತಾನೆ.

ನಾನು ಈಗ ರೂಪನಗುಡಿಯ ಶಾಲೆಯಲ್ಲಿ ಮೇಡಂ. ಗಂಗಾ ಬಳ್ಳಾರಿಯಲ್ಲಿ ನರ್ಸ್ ಆಗಿದ್ದಾಳೆ. ಅವಳ ಮದುವೆ ಕರೂರಿನಲ್ಲೇ ಆಯಿತು, ಕೊಯ್ಲು ಮುಗಿದ ಗದ್ದೆಯಲ್ಲಿ ಶಾಮಿಯಾನ ಹಾಕಿ. ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದವನು ನಮ್ಮಪ್ಪ. ಊಟವೆಲ್ಲ ಮುಗಿದು ನೆಂಟರು ಚಾಪೆಯ ಮೇಲೆ ಒರಗಿದ್ದಾಗ ಗಂಗಾ ಅಂದಳು: "ಕಾಕಾ, ಆ ಹಾಡು ಹಾಡ್ರಿ."

ನಮ್ಮ ಮನೆಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೆ. ಗಂಟಲಿಲ್ಲ, ದಮ್ಮಿಲ್ಲ, ನೆನಪಿಲ್ಲ ಎಂದು ತಪ್ಪಿಸಿಕೊಂಡಿದ್ದ. ಅಂದು ಅಪ್ಪ ನನ್ನ ಕಡೆ ನೋಡಿದ. ಕೇಳಿಕೊಳ್ಳುವವನ ಹಾಗೆ ನೋಡಿದ. ನನ್ನ ಹೊಟ್ಟೆಯಲ್ಲಿ ಆ ಹಳೆಯ ಉರಿ ಒಂದಿಷ್ಟೂ ಕಡಿಮೆಯಾಗದೆ ಎದ್ದಿತು.

"ಹಾಡಪ್ಪ," ಅಂದೆ.

ಹಾಡಿದ. ದನಿ ಒಡೆದಿತ್ತು, ಆದರೂ ಆ ಎತ್ತುಗಳು ಹೊಳೆಗಿಳಿದದ್ದು ಕಾಣುತ್ತಿತ್ತು. ನಡುನೀರಿನ ಹೊತ್ತಿಗೆ ಸಾಲು ಮರೆತು ನಿಂತುಬಿಟ್ಟ. ಸುತ್ತಲೂ ನೋಡಿದ. ಅವನ ಮಗಳು ನಾನು ಎದುರಿಗೇ ಕೂತಿದ್ದೆ, ನನಗೆ ಆ ಸಾಲು ಬರುತ್ತಿರಲಿಲ್ಲ. ಮದುಮಗಳು ಬಾಸಿಂಗ ಸರಿಸಿಕೊಂಡು ಹೇಳಿಕೊಟ್ಟಳು. ಅಪ್ಪ ಹಾಡಿ ಮುಗಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಹೇಳಿದೆ, "ಆ ಹಾಡು ನನಗೂ ಹೇಳಿಕೊಡು."

"ನನಗ ಈಗ ಪೂರಾ ನೆನಪಿಲ್ಲವ," ಅಂದ. "ಗಂಗಾನ ಕೇಳು."

ಒಂದು ವಾರ ಬಿಗುವಿನಿಂದ ಇದ್ದೆ. ಆಮೇಲೆ ಫೋನ್ ಮಾಡಿದೆ. ಗಂಗಾ ನಕ್ಕಳು. "ನಿಮ್ಮ ಮನಿ ಹಾಡು, ನನ್ನ ಕೇಳಾಕತ್ತೀಯಲ್ಲಲೇ," ಅಂದಳು. ಆ ದನಿಯಲ್ಲಿದ್ದ ಸುಖ ನನಗೆ ಚೆನ್ನಾಗಿ ಗೊತ್ತಾಯಿತು. ಈಗ ಅವಳು ರಜೆಯ ದಿನ ಫೋನಿನಲ್ಲಿ ಒಂದೊಂದೇ ಸಾಲು ಹೇಳಿಕೊಡುತ್ತಾಳೆ. ಮುಂದಿನದನ್ನು ಕೇಳಿದರೆ, ಹಿಂದಿನದನ್ನು ಸರಿಯಾಗಿ ಹಾಡು ಅನ್ನುತ್ತಾಳೆ. ಎತ್ತುಗಳು ಇನ್ನೂ ನಡುನೀರಿನಲ್ಲಿವೆ. ದಡ ಮುಟ್ಟಿಸುವ ಸಾಲುಗಳನ್ನು ಅವಳು ಬೇಕೆಂತಲೇ ತಡಮಾಡುತ್ತಿದ್ದಾಳೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.